ಕಂಟ್ರೋಲರ್‌ನಿಂದ ಬಿಟ್ಟ ಬ್ಯಾಕ್‌ಗ್ರೌಂಡ್ ಜಾಬ್ ಎಲ್ಲಿ ಹೋಯ್ತು ಅಂತ ಹುಡುಕುದು ಹೇಗೆ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಸೆಕ್ರೆಟರಿಯಣ್ಣನ ಫೋನು. "ಎಂತ ಮಾರಾಯ, ನಿನ್ನ ಸಾಫ್ಟ್‌ವೇರು ಪುನಃ ಬಿಲ್ ನುಂಗ್ತಾ ಉಂಟು. ಇಲ್ಲಿ ಸ್ಕ್ರೀನಲ್ಲಿ ಬಿಲ್ ಕಳಿಸಲಾಗಿದೆ ಅಂತ ಹಸಿರಲ್ಲಿ ಬರ್ತದೆ, ಅವರ ಮೊಬೈಲಿಗೆ ಎಂತದೂ ಬರುದಿಲ್ಲ." ನಾನು ಕಾಸರಗೋಡು ಕಡೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ಮನೇಲಿ ಕೂತು ಕೆಲಸ ಮಾಡುವವ, ಹೊರಗೆ ಧೋ ಅಂತ ಮಳೆ, ಕರೆಂಟಿಲ್ಲ, ಇನ್ವರ್ಟರಲ್ಲಿ ರೂಟರ್ ಮಾತ್ರ ಓಡ್ತಾ ಇತ್ತು, ಬ್ಯಾಟರಿ ಮುಗಿಯುವ ಮೊದ್ಲು ದೋಷ ಸಿಕ್ಕಿದ್ರೆ ಪುಣ್ಯ ಅಂತ ಲ್ಯಾಪ್‌ಟಾಪ್ ತೆರೆದೆ. ಸಿಕ್ಕಿದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತು ಯಾಕೆ ಬೇಕಾಯ್ತು ಅಂದ್ರೆ ನಾನು ಹುಡುಕಿದ ಕ್ರಮ ತಪ್ಪು, ಅದಕ್ಕೇ ಇದನ್ನು ಬರೀತಾ ಇದ್ದೇನೆ.

ಆ್ಯಪ್ ಎಂತದ್ದು ಅಂತ ಮೊದ್ಲು ಹೇಳ್ತೇನೆ. ನಮ್ಮ ಕಡೆ ಒಂದು ಅಡಿಕೆ ಖರೀದಿ ಸಂಘ, ರೈಲ್ಸ್ ಅನ್ನುವ ರೂಬಿ ಭಾಷೆಯ ಚೌಕಟ್ಟಲ್ಲಿ ಮಾಡಿದ ಸಣ್ಣ ವೆಬ್ ಆ್ಯಪ್ಲಿಕೇಶನ್. ಕೃಷಿಕರು ಅಡಿಕೆ ತಂದ್ರೆ ಕೌಂಟರಲ್ಲಿ ತೂಕ, ರೇಟು ಎಂಟ್ರಿ ಮಾಡ್ತಾರೆ, ಸೇವ್ ಒತ್ತಿದ್ರೆ ಬಿಲ್ಲಿನ ಪಿಡಿಎಫ್ ತಯಾರಾಗಿ ಲಿಂಕು ಎಸ್ಸೆಮ್ಮೆಸ್ಸಲ್ಲಿ ಹೋಗ್ಬೇಕು. ಶುರುವಿಗೆ ನಾನು ಪಿಡಿಎಫ್ ಮಾಡುದು, ಎಸ್ಸೆಮ್ಮೆಸ್ ಕಳಿಸುದು ಎಲ್ಲ ಕಂಟ್ರೋಲರಲ್ಲೇ, ಅಂದ್ರೆ ಬ್ರೌಸರಿಂದ ಬಂದ ರಿಕ್ವೆಸ್ಟಿಗೆ ಉತ್ತರ ಕೊಡುವ ಕೋಡಲ್ಲೇ, ತುರುಕಿದ್ದೆ. ಎಸ್ಸೆಮ್ಮೆಸ್ ಗೇಟ್‌ವೇ ಒಂದಿನ ನಿಧಾನ ಆಯ್ತು, ಮುಂದೆ ನಿಂತ ವೆಬ್ ಸರ್ವರ್ ಎಂಜಿನ್‌ಎಕ್ಸ್ ಡಿಫಾಲ್ಟಾಗಿ 60 ಸೆಕೆಂಡ್ ಕಾಯ್ತದೆ, ಅಷ್ಟರಲ್ಲಿ ಉತ್ತರ ಬರ್ಲಿಲ್ಲ ಅಂತಾದ್ರೆ 504 ಟೈಮೌಟ್ ಎರರ್ ಮುಖಕ್ಕೆ ಹೊಡೀತದೆ, ಕೌಂಟರಲ್ಲಿದ್ದವರು ಆಗ್ಲಿಲ್ಲ ಅಂತ ಪುನಃ ಒತ್ತಿದ್ರು, ಇನ್ನೊಮ್ಮೆ ಒತ್ತಿದ್ರು, ಒಂದೇ ಗೋಣಿಗೆ ಮೂರು ಬಿಲ್.

ಆಮೇಲೆ ಬುದ್ಧಿವಂತಿಕೆ ಮಾಡ್ಲಿಕ್ಕೆ ಹೋಗಿ ಕಂಟ್ರೋಲರ್ ಒಳಗೆ ಥ್ರೆಡ್ ನ್ಯೂ ಅಂತ ಬರೆದು, ಅಂದ್ರೆ ಬದಿಯಲ್ಲಿ ಬೇರೆಯಾಗಿ ಓಡುವ ಒಂದು ಎಳೆ ಮಾಡಿ, ಅದರೊಳಗೆ ಕೆಲಸ ಹಾಕಿದೆ. ಇದನ್ನು ಯಾರೂ ಮಾಡ್ಬೇಡಿ ಆಯ್ತಾ. ರೈಲ್ಸ್ ಓಡಿಸುವ ಸರ್ವರ್ ಪ್ಯೂಮಾ ರೀಸ್ಟಾರ್ಟ್ ಆದ್ರೆ ಆ ಥ್ರೆಡ್ ಅಲ್ಲಿಗೇ ಸತ್ತು ಹೋಗ್ತದೆ, ಒಳಗೆ ಎರರ್ ಬಂದ್ರೆ ರೈಲ್ಸ್ ಲಾಗಿಗೆ ಬರುದಿಲ್ಲ, ಮತ್ತೆ ಆ ಥ್ರೆಡ್ಡು ಡೇಟಾಬೇಸ್ ಕನೆಕ್ಷನ್ ಒಂದು ಹಿಡ್ಕೊಂಡು ವಾಪಸ್ ಕೊಡದೆ ಕೂತ್ರೆ ಸ್ವಲ್ಪ ಹೊತ್ತಲ್ಲಿ '5 ಸೆಕೆಂಡಲ್ಲಿ ಪೂಲಿನಿಂದ ಕನೆಕ್ಷನ್ ಸಿಗ್ಲಿಲ್ಲ' ಅನ್ನುವ ಎರರ್ ಶುರು (ಪೂಲ್ ಅಂದ್ರೆ ಎಲ್ಲರೂ ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪು), ಅದೂ ಬಿಲ್ಲಿಗೆ ಸಂಬಂಧವೇ ಇಲ್ಲದ ಲಾಗಿನ್ ಪೇಜಿನಲ್ಲಿ! ನಿಮ್ಮಲ್ಲಿ ಈ ಎರರ್ ಕಾಣ್ತಾ ಉಂಟಾದ್ರೆ ಪೂಲ್ ಸೈಝ್ ದೊಡ್ಡದು ಮಾಡುವ ಮೊದ್ಲು ಕೋಡಲ್ಲಿ ಥ್ರೆಡ್ ನ್ಯೂ ಎಲ್ಲಾದ್ರೂ ಉಂಟಾ ಹುಡುಕಿ.

ಕೊನೆಗೆ ಸರಿಯಾದ ದಾರಿಗೆ ಬಂದೆ. ರೈಲ್ಸ್ 4.2ರಿಂದ, ಅಂದ್ರೆ 2014ರಿಂದ ಕೆಲಸವನ್ನು ಆಮೇಲೆ ಮಾಡ್ಲಿಕ್ಕೆ ಇಡುವ ಆಕ್ಟಿವ್ ಜಾಬ್ ಉಂಟು, ಅದರ ಹಿಂದೆ ಆ ಕೆಲಸ ಓಡಿಸುವ ಸೈಡ್‌ಕಿಕ್, ಸೈಡ್‌ಕಿಕ್‌ಗೆ ಜಾಬ್ ಇಡುವ ಜಾಗ ರೆಡಿಸ್. ಕಂಟ್ರೋಲರಲ್ಲಿ ಪರ್ಫಾರ್ಮ್ ಲೇಟರ್ ಅಂತ ಒಂದು ಸಾಲು, ಮುಗೀತು. ಮುಗೀಲಿಲ್ಲ ಅಂತ ಗೊತ್ತಾದದ್ದೇ ಆ ಸೋಮವಾರ.

ಚೀಟಿ ಈಗ ಎಲ್ಲುಂಟು?

'ಬರ್ಲಿಲ್ಲ' ಅನ್ನುದು ಒಂದೇ ದೂರು ಆದ್ರೂ ಅದರ ಒಳಗೆ ನಾಲ್ಕೈದು ಬೇರೆ ಬೇರೆ ರೋಗ ಉಂಟು. ಹಳೇ ಅಂಗಡಿಗಳಲ್ಲಿ ನೋಡಿರ್ಬಹುದು, ಮುಂದೆ ಕೂತವ ಚೀಟಿ ಬರೆದು ಮೇಜಿನ ಮೇಲಿನ ಮೊಳೆಗೆ ಚುಚ್ಚಿಡ್ತಾನೆ, ಒಳಗಿನವ ಒಂದೊಂದೇ ತೆಗೆದು ಸಾಮಾನು ಕಟ್ತಾನೆ. ಕಂಟ್ರೋಲರ್ ಚೀಟಿ ಬರೆಯುವವ, ರೆಡಿಸ್ ಆ ಮೊಳೆ, ಸೈಡ್‌ಕಿಕ್ ಒಳಗಿನವ, ಅದಕ್ಕೇ ವರ್ಕರ್ ಅಂತ ಹೇಳುದು. ಚೀಟಿಗಳ ಸಾಲಿಗೆ ಕ್ಯೂ ಅಂತ, ಅದಕ್ಕೆ ಚೀಟಿ ಹಾಕುದಕ್ಕೆ ಎನ್‌ಕ್ಯೂ ಅಂತ ಹೆಸರು. ಹಸಿರು ಮೆಸೇಜಿನ ಅರ್ಥ ಚೀಟಿ ಬರೆದಾಯ್ತು ಅಂತ ಮಾತ್ರ. ಹಾಗಾಗಿ ಮೊದಲ ಪ್ರಶ್ನೆ ಚೀಟಿ ಎಲ್ಲುಂಟು ಅಂತ. ಇದನ್ನು ಬಿಟ್ಟು ನಾನು ಮಾಡಿದ್ದೆಂತ, ಸೀದಾ ಎಸ್ಸೆಮ್ಮೆಸ್ ಗೇಟ್‌ವೇಯವರ ಸಪೋರ್ಟಿಗೆ ಫೋನ್ ಮಾಡಿ ಅರ್ಧ ದಿನ ಜಗಳ, ಪಾಪ ಅವರದ್ದು ಎಂತದೂ ತಪ್ಪಿರ್ಲಿಲ್ಲ.

ಚೀಟಿಗೆ ನಂಬ್ರ ಉಂಟು, ಜಾಬ್ ಐಡಿ. ವೆಬ್ ಲಾಗಲ್ಲಿ ಒಂದು ಸಾಲು ಬರ್ತದೆ: 'ಎನ್‌ಕ್ಯೂಡ್ ಬಿಲ್‌ಜಾಬ್', ಜಾಬ್ ಐಡಿ, ಮತ್ತೆ 'ಟು ಸೈಡ್‌ಕಿಕ್', ಅದರ ಪಕ್ಕ ಬ್ರಾಕೆಟಲ್ಲಿ ಕ್ಯೂ ಹೆಸರು, ಕೊನೆಗೆ ಆರ್ಗ್ಯುಮೆಂಟು. ಈ ಒಂದು ಸಾಲನ್ನು ಕಣ್ಣು ಬಿಟ್ಟು ಓದಿ, ಅರ್ಧ ದೋಷ ಇಲ್ಲೇ ಸಿಕ್ತದೆ. ಸಾಲೇ ಇಲ್ಲದಿದ್ರೆ ಕಂಟ್ರೋಲರಲ್ಲಿ ಆ ಜಾಗಕ್ಕೇ ಕೋಡ್ ಬರ್ತಾ ಇಲ್ಲ, ಯಾವುದಾದ್ರೂ ಇಫ್ ಒಳಗೆ ಸಿಕ್ಕಿಬಿದ್ದಿರ್ತದೆ. 'ಟು ಅಸಿಂಕ್' ಅಂತ ಇದ್ರೆ ಅಡಾಪ್ಟರ್ (ಜಾಬ್ ಯಾರಿಗೆ ಕೊಡ್ಬೇಕು ಅನ್ನುವ ಆಯ್ಕೆ) ಸೆಟ್ ಆಗಿಲ್ಲ, ರೈಲ್ಸ್ 5ರಿಂದ ಡಿಫಾಲ್ಟು ಅದೇ, ವೆಬ್ ಪ್ರೊಸೆಸ್ಸಿನ ಮೆಮೊರಿಯಲ್ಲೇ ಜಾಬ್ ಇಟ್ಕೊಳ್ತದೆ, ರೀಸ್ಟಾರ್ಟ್ ಆದ್ರೆ ಎಲ್ಲ ಗೋವಿಂದ. ನಮ್ಮ ಥ್ರೆಡ್ ನ್ಯೂ ಕಥೆಯೇ ಬೇರೆ ಅಂಗಿ ಹಾಕ್ಕೊಂಡು ಬಂದ ಹಾಗೆ.

ಅಲ್ಲಿ ಸರಿ ಉಂಟಾದ್ರೆ ಮೊಳೆ ನೋಡಿ. ಸೈಡ್‌ಕಿಕ್‌ನ ವೆಬ್ ಪೇಜ್ ಹಾಕಿದ್ರೆ ಅಲ್ಲೇ ಕಾಣ್ತದೆ, ಇಲ್ಲದಿದ್ರೆ ರೆಡಿಸ್ ಕಮಾಂಡ್ ಲೈನಲ್ಲಿ ಎಲ್‌ಲೆನ್ ಕೊಟ್ಟು ಆ ಕ್ಯೂ ಎಷ್ಟು ಉದ್ದ ಉಂಟು ನೋಡಿ. ಸಂಖ್ಯೆ ಏರ್ತಾನೇ ಉಂಟು ಅಂದ್ರೆ ತೆಗೆಯುವವ ಇಲ್ಲ. ವರ್ಕರ್ ಓಡ್ತಾ ಉಂಟಾ ಅಂತ ಪಿಎಸ್ ಕಮಾಂಡ್ ಕೊಟ್ಟು ನೋಡಿ, ಸೈಡ್‌ಕಿಕ್ ತನ್ನ ಪ್ರೊಸೆಸ್ ಹೆಸರಲ್ಲೇ 5ರಲ್ಲಿ ಇಷ್ಟು ಬಿಝಿ ಅಂತ ಬರ್ಕೊಂಡಿರ್ತದೆ, ಕ್ಯೂ ತುಂಬಿದ್ರೂ 0 ಬಿಝಿ ಅಂತ ಇದ್ರೆ ಅದು ಬೇರೆ ಮೊಳೆ ನೋಡ್ತಾ ಕೂತಿದೆ. ಕ್ಯೂ ಹೆಸರು ತಪ್ಪು ಇರ್ಬಹುದು: ಜಾಬಲ್ಲಿ 'ಬಿಲ್ಸ್' ಅಂತ ಕ್ಯೂ ಬರೆದು ಸೈಡ್‌ಕಿಕ್ ಕಾನ್ಫಿಗಲ್ಲಿ ಅದನ್ನು ಸೇರಿಸದಿದ್ರೆ ಅದು ಡಿಫಾಲ್ಟ್ ಕ್ಯೂ ಒಂದನ್ನೇ ನೋಡುದು. ಇಮೈಲ್ ಕಳಿಸುವವರಿಗೆ ಇದು ಜಾಸ್ತಿ ಆಗ್ತದೆ, ರೈಲ್ಸ್ 6.1ರ ಹೊಸ ಡಿಫಾಲ್ಟ್ ಬರುವ ಮೊದ್ಲು ಡೆಲಿವರ್ ಲೇಟರ್ ಹಾಕುದು 'ಮೈಲರ್ಸ್' ಅನ್ನುವ ಬೇರೆ ಕ್ಯೂಗೆ. ಇಲ್ಲದಿದ್ರೆ ರೆಡಿಸ್ ವಿಳಾಸವೇ ಬೇರೆ ಇರ್ತದೆ, ವೆಬ್ಬಿಗೆ ಎನ್ವಿರಾನ್‌ಮೆಂಟ್ ಫೈಲ್ ಸಿಕ್ಕಿರ್ತದೆ, ವರ್ಕರನ್ನು ಓಡಿಸುವ ಸಿಸ್ಟಮ್‌ಡಿ ಯುನಿಟ್ ಫೈಲಲ್ಲಿ ಆ ಸಾಲು ಹಾಕ್ಲಿಕ್ಕೆ ಮರೆತಿರ್ತದೆ, ಒಬ್ಬ 0ನೇ ಡೇಟಾಬೇಸಿಗೆ ಹಾಕುದು ಇನ್ನೊಬ್ಬ 1ರಲ್ಲಿ ಹುಡುಕುದು, ಇಬ್ರಿಗೂ ಎರರ್ ಇಲ್ಲ.

ಇನ್ನೊಂದು ಅಪರೂಪದ್ದು, ಆದ್ರೆ ಬಂದ್ರೆ ತಲೆ ಕೆಡ್ತದೆ. ಕ್ಯಾಶಿಗೆ (ತಾತ್ಕಾಲಿಕ ಸಂಗ್ರಹಕ್ಕೆ) ಇಟ್ಟ ರೆಡಿಸ್ಸನ್ನೇ ಜಾಬಿಗೂ ಉಪಯೋಗಿಸಿದ್ರೆ, ಅದರ ಮ್ಯಾಕ್ಸ್‌ಮೆಮೊರಿ ಪಾಲಿಸಿ ಹಳತನ್ನು ಬಿಸಾಡು ಅಂತ ಇದ್ರೆ, ಮೆಮೊರಿ ತುಂಬಿದಾಗ ರೆಡಿಸ್ಸೇ ಚೀಟಿ ಹರಿದು ಬಿಸಾಡ್ತದೆ. ಜಾಬ್ ಇಡುವ ರೆಡಿಸ್ಸಿಗೆ ಪಾಲಿಸಿ ನೋಇವಿಕ್ಷನ್ ಇರ್ಬೇಕು.

ನಮ್ಮಲ್ಲಿ ಇದ್ಯಾವುದೂ ಅಲ್ಲ. ಎನ್‌ಕ್ಯೂ ಆದದ್ದು ಲಾಗಲ್ಲುಂಟು, ಕ್ಯೂ ಖಾಲಿ, ವರ್ಕರ್ ಆರಾಮಾಗಿ ಓಡ್ತಾ ಉಂಟು, ಫೇಲ್ ಆಗಿ ಪುನಃ ಓಡ್ಬೇಕಾದವು ಕೂರುವ ರಿಟ್ರೈ ಪೇಜು ಖಾಲಿ, ಪ್ರಯತ್ನವೇ ಬಿಟ್ಟವು ಕೂರುವ ಡೆಡ್ ಪೇಜು ಖಾಲಿ. ಸತ್ತವರೂ ಇಲ್ಲ, ಬದುಕಿದವರೂ ಇಲ್ಲ!

ದೊಡ್ಡ ಕೃಷಿಕರಿಗೇ ಬರ್ಲಿಲ್ಲ

ರಾತ್ರಿ ಸೆಕ್ರೆಟರಿಯಣ್ಣನಿಗೆ ಫೋನ್ ಮಾಡಿ, ಬರ್ಲಿಲ್ಲ ಅಂದವರ ಪಟ್ಟಿ ಕೇಳಿದೆ. ಅವರು ಓದ್ತಾ ಓದ್ತಾ ಸುಮ್ನೆ ಒಂದು ಮಾತು ಹೇಳಿದ್ರು, "ಒಂದು ವಿಷಯ ನೋಡು, ಒಂದು ಗೋಣಿ ಎರಡು ಗೋಣಿ ತಂದವರಿಗೆಲ್ಲ ಸರೀ ಬಂದಿದೆ. ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಅಂತ ಎಲ್ಲ ಬಗೆ ತಂದವರಿಗೇ ಬರ್ಲಿಲ್ಲ. ದೊಡ್ಡ ಕೃಷಿಕರ ಹತ್ರ ನಿನ್ನ ಸಾಫ್ಟ್‌ವೇರಿಗೆ ಎಂತ ದ್ವೇಷ?" ನಾನು ನಗಾಡಿದೆ, ಫೋನ್ ಇಟ್ಟ ಮೇಲೆ ನಗು ನಿಂತಿತು.

ಯಾಕೆ ಅಂದ್ರೆ ಕಂಟ್ರೋಲರ್ ಹೀಗಿತ್ತು. ಟ್ರಾನ್ಸಾಕ್ಷನ್ (ಆದ್ರೆ ಎಲ್ಲ ಒಟ್ಟಿಗೆ ಸೇವ್, ಇಲ್ಲದಿದ್ರೆ ಒಂದೂ ಇಲ್ಲ) ಒಂದು ಓಪನ್, ಅದರೊಳಗೆ ಮೊದ್ಲು ಖರೀದಿ ರೆಕಾರ್ಡ್ ಸೇವ್, ಕೂಡ್ಲೆ ಬಿಲ್‌ಜಾಬ್ ಪರ್ಫಾರ್ಮ್ ಲೇಟರ್, ಆಮೇಲೆ ಒಂದೊಂದೇ ಲಾಟು (ಅಡಿಕೆಯ ಒಂದೊಂದು ಬಗೆ) ಸೇವ್, ಪ್ರತಿ ಲಾಟಿಗೂ ಸ್ಟಾಕು ಅಪ್‌ಡೇಟ್, ಎಲ್ಲ ಆದ ಮೇಲೆ ಟ್ರಾನ್ಸಾಕ್ಷನ್ ಎಂಡ್. ಡೇಟಾಬೇಸ್ ಲೆಕ್ಕದಲ್ಲಿ ಆ ಎಂಡ್ ಬಂದು ಕಮಿಟ್, ಅಂದ್ರೆ ಸೇವ್ ಗಟ್ಟಿ, ಆಗುವ ತನಕ ಹೊರಗಿನವರಿಗೆ ಆ ಖರೀದಿ ಹುಟ್ಟಲೇ ಇಲ್ಲ. ಆದ್ರೆ ರೆಡಿಸ್ಸಿಗೆ ಈ ಟ್ರಾನ್ಸಾಕ್ಷನ್ ಗೊತ್ತಿಲ್ಲ, ಅದಕ್ಕೆ ಹಾಕಿದ ಚೀಟಿ ಆ ಕ್ಷಣಕ್ಕೇ ಕಾಣ್ತದೆ, ವರ್ಕರ್ ಖಾಲಿ ಕೂತಿದ್ರೆ ಕೆಲವು ಮಿಲಿಸೆಕೆಂಡಲ್ಲಿ ತೆಗೊಂಡು ಓಡ್ತದೆ. ಲಾಟು ಒಂದೇ ಇದ್ರೆ ಅಷ್ಟರೊಳಗೆ ಕಮಿಟ್ ಆಗಿರ್ತದೆ, ಬಚಾವ್. ಲಾಟು ಏಳೆಂಟು ಇದ್ರೆ ವರ್ಕರ್ ಬಂದು ಬಾಗಿಲು ತಟ್ಟುವಾಗ ಖರೀದಿ ಇನ್ನೂ ಡೇಟಾಬೇಸಲ್ಲಿ ಇಲ್ಲ. ನನ್ನ ಲ್ಯಾಪ್‌ಟಾಪಲ್ಲಿ ಟೆಸ್ಟ್ ಮಾಡುವಾಗ ಯಾವಾಗ್ಲೂ ಒಂದೇ ಲಾಟಿನ ಖರೀದಿ ಹಾಕ್ತಿದ್ದದ್ದು ಅನ್ನುದು ಬೇರೆ ಹೇಳ್ಬೇಕಾ.

ಸರಿ, ರೆಕಾರ್ಡ್ ಸಿಗದಿದ್ರೆ ಎರರ್ ಆಗಿ ರಿಟ್ರೈಗೆ ಹೋಗ್ಬೇಕಲ್ವಾ? ಸಾಮಾನ್ಯವಾಗಿ ಹೋಗ್ತದೆ. ಸೈಡ್‌ಕಿಕ್ ಡಿಫಾಲ್ಟಾಗಿ 25 ಸಲ ಪ್ರಯತ್ನ ಮಾಡ್ತದೆ, ಒಂದರಿಂದ ಒಂದಕ್ಕೆ ಅಂತರ ಹೆಚ್ಚಿಸ್ತಾ ಹೆಚ್ಚುಕಮ್ಮಿ ಮೂರು ವಾರ ಎಳೀತದೆ, ಮೊದಲನೇದು 15ರಿಂದ 25 ಸೆಕೆಂಡಿನ ಆಸುಪಾಸು. ಅಷ್ಟೊತ್ತಿಗೆ ಕಮಿಟ್ ಆಗಿರುದ್ರಿಂದ ಎರಡನೇ ಸಲ ಪಾಸ್. ಎಷ್ಟೋ ಆ್ಯಪುಗಳಲ್ಲಿ ಈ ದೋಷ ವರ್ಷಗಟ್ಟಲೆ ಹೀಗೇ ಅಡಗಿ ಕೂತಿರ್ತದೆ, ಹೊರಗೆ ಕಾಣುದು ಇಷ್ಟೇ, ಮೆಸೇಜ್ ಕೆಲವೊಮ್ಮೆ ಅರ್ಧ ನಿಮಿಷ ತಡ. ನಿಮ್ಮಲ್ಲೂ ಹಾಗೆ 'ಸ್ವಲ್ಪ ಲೇಟು ಆದ್ರೆ ಬರ್ತದೆ' ಅನ್ನುವ ದೂರು ಉಂಟಾದ್ರೆ ಮೊದಲ ಸಂಶಯ ಇದರ ಮೇಲೆ ಇರ್ಲಿ.

ನಮ್ಮಲ್ಲಿ ಯಾಕೆ ರಿಟ್ರೈ ಆಗ್ಲಿಲ್ಲ? ಅಪ್ಲಿಕೇಶನ್ ಜಾಬ್ ಫೈಲ್ ತೆರೆದೆ. ರೈಲ್ಸ್ ಹೊಸ ಪ್ರಾಜೆಕ್ಟ್ ಮಾಡುವಾಗ ಅದರಲ್ಲಿ ಒಂದು ಸಾಲು ಕಾಮೆಂಟ್ ಮಾಡಿ (ಮುಂದೆ # ಹಾಕಿ ಓಡದ ಹಾಗೆ) ಇಟ್ಟಿರ್ತದೆ, ಡಿಸ್ಕಾರ್ಡ್ ಆನ್ ಡಿಸೀರಿಯಲೈಝೇಶನ್ ಎರರ್ ಅಂತ. ಜಾಬಿಗೆ ಇಡೀ ಆಬ್ಜೆಕ್ಟ್ ಕೊಟ್ರೆ ರೈಲ್ಸ್ ಅದರ ಗುರುತು ಮಾತ್ರ ಚೀಟಿಯಲ್ಲಿ ಬರ್ದಿಟ್ಟು ಓಡಿಸುವಾಗ ಡೇಟಾಬೇಸಿಂದ ಪುನಃ ತೆಗೀತದೆ, ಸಿಗದಿದ್ರೆ ಡಿಸೀರಿಯಲೈಝೇಶನ್ ಎರರ್. ಡಿಲೀಟ್ ಆದ ರೆಕಾರ್ಡಿಗೆ ಸುಮ್ನೆ 25 ಸಲ ಯಾಕೆ ಒದ್ದಾಡುದು ಅಂತ ಆ ಸಾಲಿನ ಉದ್ದೇಶ, ಒಳ್ಳೇದೇ. ಅದರ ಮುಂದಿನ ಹ್ಯಾಶ್ ಗುರುತನ್ನು ಯಾರೋ ತೆಗ್ದಿದ್ರು. ಯಾವ ಸಾಲು ಯಾರು ಬದಲಿಸಿದ್ದು ಅಂತ ತೋರಿಸುವ ಗಿಟ್ ಬ್ಲೇಮ್ ಕೊಟ್ಟೆ. ಯಾರೋ ಅಲ್ಲ, ನಾನೇ, ಎರಡು ತಿಂಗಳ ಹಿಂದೆ, ಕಮಿಟ್ ಮೆಸೇಜು 'ಕ್ಲೀನಪ್'.

ಅಂದ್ರೆ ಇನ್ನೂ ಹುಟ್ಟದ ರೆಕಾರ್ಡನ್ನು ಸತ್ತ ರೆಕಾರ್ಡ್ ಅಂತ ತಿಳ್ಕೊಂಡು ಜಾಬ್ ಕಸಕ್ಕೆ. ಲಾಗಲ್ಲಿ 'ಡಿಸ್ಕಾರ್ಡೆಡ್ ಬಿಲ್‌ಜಾಬ್' ಅಂತ ಸಾಲು ಇತ್ತು, ವರ್ಕರ್‌ನ ಜರ್ನಲಲ್ಲಿ, ನಾನು ಇಡೀ ದಿನ ವೆಬ್ಬಿನ ಜರ್ನಲನ್ನೇ ನೋಡ್ತಾ ಇದ್ದೆ. ಆ ಜಾಬ್ ಐಡಿಯನ್ನು ಎರಡೂ ಕಡೆ ಗ್ರೆಪ್ ಮಾಡಿ ಹುಡುಕಿದ್ದಿದ್ರೆ ಹತ್ತು ನಿಮಿಷದ ಕೆಲಸ.

ಇದೇ ಕಾರಣ ಅಂತ ಗಟ್ಟಿ ಮಾಡ್ಲಿಕ್ಕೆ ಸುಲಭ ಉಪಾಯ ಉಂಟು. ನಿಮ್ಮ ಮೆಷಿನಲ್ಲಿ ಟ್ರಾನ್ಸಾಕ್ಷನ್ ಎಂಡಿನ ಮೊದ್ಲು 5 ಸೆಕೆಂಡ್ ಸ್ಲೀಪ್ ಹಾಕಿ, ಸೈಡ್‌ಕಿಕ್ ಓಡಿಸಿ, ಫಾರ್ಮ್ ಸಬ್ಮಿಟ್ ಮಾಡಿ. ಆಗೊಮ್ಮೆ ಈಗೊಮ್ಮೆ ಬರ್ತಾ ಇದ್ದ ದೋಷ ಪ್ರತಿ ಸಲ ಬಂದ್ರೆ ಕಳ್ಳ ಸಿಕ್ಕಿದ ಅಂತ ಲೆಕ್ಕ. ರಿಪೇರಿ ಮಾಡಿದ ಮೇಲೂ ಸ್ಲೀಪ್ ಇಟ್ಟೇ ಒಮ್ಮೆ ನೋಡಿ, ಆಮೇಲೆ ತೆಗೆಯಿರಿ, ಪ್ರೊಡಕ್ಷನ್ನಿಗೆ ಕಳಿಸ್ಬೇಡಿ ಮಾರಾಯ್ರೆ.

ರಿಪೇರಿ ದೊಡ್ಡದೇನಲ್ಲ, ಪರ್ಫಾರ್ಮ್ ಲೇಟರ್ ಸಾಲನ್ನು ಟ್ರಾನ್ಸಾಕ್ಷನ್ ಬ್ಲಾಕಿನ ಹೊರಗೆ, ಕೆಳಗೆ ಇಡುದು. ಮಾಡೆಲಿನ ಕಾಲ್‌ಬ್ಯಾಕಿಂದ ಜಾಬ್ ಹಾಕ್ತಾ ಇದ್ರೆ ಆಫ್ಟರ್ ಸೇವ್ ಬದ್ಲು ಆಫ್ಟರ್ ಕಮಿಟ್. ರೈಲ್ಸ್ 7.2ರಲ್ಲಿ ಕಮಿಟ್ ಆಗುವ ತನಕ ಎನ್‌ಕ್ಯೂ ತಡೆದಿಡುವ ಸೆಟ್ಟಿಂಗೂ ಬಂದಿದೆ, ಆದ್ರೆ ಅದರ ಡಿಫಾಲ್ಟು ವರ್ಷನ್ನಿಂದ ವರ್ಷನ್ನಿಗೆ ಬದಲಾಗಿದೆ, ಅದನ್ನು ನಂಬಿ ಕೂರುದಕ್ಕಿಂತ ಜಾಬ್ ಕ್ಲಾಸಲ್ಲಿ ನಾವೇ ಬರೆದು ಬಿಡುದು ಒಳ್ಳೇದು. ಹೊರಗೆ ಇಡುದ್ರಿಂದ ಇನ್ನೊಂದು ಲಾಭ, ಕೊನೇ ಲಾಟಲ್ಲಿ ಎರರ್ ಬಂದು ಎಲ್ಲ ರೋಲ್‌ಬ್ಯಾಕ್, ಅಂದ್ರೆ ರದ್ದು, ಆದ್ರೆ ಆಗದ ಖರೀದಿಗೆ ಬಿಲ್ ಹೋಗುವ ಎಡವಟ್ಟು ತಪ್ತದೆ. ರೈಲ್ಸ್ 8ರ ಸಾಲಿಡ್ ಕ್ಯೂ ಡೇಟಾಬೇಸಲ್ಲೇ ಜಾಬ್ ಇಡ್ತದೆ, ಹಾಗಾದ್ರೆ ಈ ತಾಪತ್ರಯ ಇಲ್ಲ ಅಂತ ಕೆಲವರು ಹೇಳ್ತಾರೆ, ಆ್ಯಪಿನ ಡೇಟಾಬೇಸಲ್ಲೇ ಇಟ್ರೆ ಹೌದು, ಆದ್ರೆ ಹೊಸ ಪ್ರಾಜೆಕ್ಟಲ್ಲಿ ಪ್ರೊಡಕ್ಷನ್ನಿಗೆ ಅದು ಕ್ಯೂಗೆ ಅಂತ ಬೇರೆ ಡೇಟಾಬೇಸೇ ಮಾಡುದು, ಅಲ್ಲಿಗೆ ಪುನಃ ಅದೇ ಕಥೆ.

ಓಡಿತು, ಆದ್ರೆ ಕೆಟ್ಟು ಓಡಿತು

ಚೀಟಿ ಒಳಗಿನವನ ಕೈಗೆ ಸಿಕ್ಕಿಯೂ ಕೆಲಸ ಕೆಡುದಕ್ಕೆ ಮುಖ್ಯ ಕಾರಣ, ಕಂಟ್ರೋಲರಲ್ಲಿ ಇದ್ದದ್ದು ಜಾಬಲ್ಲಿ ಇರುದಿಲ್ಲ. ಕರೆಂಟ್ ಯೂಸರ್ ಇಲ್ಲ, ಸೆಶನ್ ಇಲ್ಲ, ಪ್ಯಾರಮ್ಸ್ (ಫಾರ್ಮಿಂದ ಬಂದ ಮಾಹಿತಿ) ಹಾಗೇ ಕೊಟ್ರೆ ಎರರ್. ಲಿಂಕು ಮಾಡ್ಲಿಕ್ಕೆ ಯಾವ ಹೋಸ್ಟ್ ಅಂತ ಗೊತ್ತಿರುದಿಲ್ಲ, ಡಿಫಾಲ್ಟ್ ಯುಆರ್‌ಎಲ್ ಆಪ್ಷನ್ಸ್ ಕಾನ್ಫಿಗಲ್ಲಿ ಕೊಡ್ಬೇಕು. ಅಪ್‌ಲೋಡ್ ಮಾಡಿದ ಎಕ್ಸೆಲ್ ಫೈಲಿನ ಪಾತ್ ಕೊಟ್ರೆ ಜಾಬ್ ಓಡುವಾಗ ಆ ಟೆಂಪ್ ಫೈಲೇ ಇರುದಿಲ್ಲ, ರಿಕ್ವೆಸ್ಟ್ ಮುಗಿದ ಮೇಲೆ ಅದನ್ನು ಅಳಿಸ್ತದೆ, ಹಾಗಾಗಿ ಮೊದ್ಲು ಆಕ್ಟಿವ್ ಸ್ಟೋರೇಜಲ್ಲೋ ಎಲ್ಲಾದ್ರೂ ಸೇವ್ ಮಾಡಿ ಐಡಿ ಕೊಡಿ.

ನಮ್ಮ ಗಡಿನಾಡಿಗೇ ಅಂತ ಇರುವ ಒಂದು ದೋಷ ಹೇಳ್ತೇನೆ. ಇಲ್ಲಿ ಬಿಲ್ ಕೆಲವರಿಗೆ ಕನ್ನಡದಲ್ಲಿ ಬೇಕು, ಕೆಲವರಿಗೆ ಮಲಯಾಳದಲ್ಲಿ. ಆಕ್ಟಿವ್ ಜಾಬ್ ಆದ್ರೆ ಎನ್‌ಕ್ಯೂ ಮಾಡುವಾಗ ಇದ್ದ ಲೊಕೇಲನ್ನು (ಭಾಷೆಯ ಸೆಟ್ಟಿಂಗ್) ತಾನೇ ಹೊತ್ಕೊಂಡು ಹೋಗ್ತದೆ. ಆದ್ರೆ ನಾನು ಒಂದು ಜಾಬನ್ನು ಸೈಡ್‌ಕಿಕ್‌ಗೆ ನೇರ ಬರೆದಿದ್ದೆ, ಅದರೊಳಗೆ ಲೊಕೇಲ್ ಸಮ ಮಲಯಾಳ ಅಂತ ಸೆಟ್ ಮಾಡಿ ವಾಪಸ್ ಹಾಕ್ಲಿಕ್ಕೆ ಮರೆತಿದ್ದೆ. ಲೊಕೇಲ್ ಇರುದು ಥ್ರೆಡ್ಡಿನ ಮೇಲೆ, ಆ ಥ್ರೆಡ್ಡಿಗೆ ಮತ್ತೆ ಬಂದ, ಹೀಗೇ ನೇರ ಬರೆದ ಜಾಬಿಗೂ ಅದೇ ಅಂಟಿಕೊಳ್ತದೆ. ಪೆರ್ಲದ ಅಜ್ಜ ಒಬ್ರಿಗೆ ಒಂದು ವಾರ ಕನ್ನಡ, ಇನ್ನೊಂದು ವಾರ ಮಲಯಾಳ, "ನಿಮ್ಮ ಸರ್ವರಿಗೆ ಭಾಷೆ ನಿಶ್ಚಯ ಇಲ್ವಾ" ಅಂತ ಕೇಳಿದ್ರು. ವಿತ್ ಲೊಕೇಲ್ ಬ್ಲಾಕ್ ಒಳಗೆ ಹಾಕಿದ್ರೆ ಕೆಲಸ ಮುಗಿದ ಕೂಡ್ಲೆ ತಾನೇ ಹಿಂದಿನದಕ್ಕೆ ಬರ್ತದೆ. ಅಕ್ಷರದ ಬದ್ಲು ಚೌಕ ಚೌಕ ಬಂದ್ರೆ ಅದು ಕೋಡಿನ ದೋಷ ಅಲ್ಲ, ಪಿಡಿಎಫ್ ಮಾಡುವ ಸರ್ವರಲ್ಲಿ ಫಾಂಟ್ ಇಲ್ಲ. ನಮ್ಮ ಲ್ಯಾಪ್‌ಟಾಪಲ್ಲಿ ಫಾಂಟ್ ಇರ್ತದೆ, ಖಾಲಿ ಲಿನಕ್ಸ್ ಸರ್ವರಲ್ಲಿ ಕನ್ನಡವೂ ಇರುದಿಲ್ಲ ಮಲಯಾಳವೂ ಇರುದಿಲ್ಲ. ನೋಟೋ ಫಾಂಟ್ ಎರಡೂ ಲಿಪಿಯದ್ದು ಹಾಕಿ ವರ್ಕರ್ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಅಂದಾಗ ನೆನಪಾಯ್ತು, ಡಿಪ್ಲಾಯ್ ಮಾಡಿ ವೆಬ್ ಮಾತ್ರ ರೀಸ್ಟಾರ್ಟ್ ಮಾಡಿದ್ರೆ ವರ್ಕರ್ ಹಳೇ ಕೋಡನ್ನೇ ಮೆಮೊರಿಯಲ್ಲಿ ಇಟ್ಕೊಂಡು ಓಡ್ತಾ ಇರ್ತದೆ. ನೀವು ಸರಿ ಮಾಡಿದ್ದೀರಿ, ಫೈಲಲ್ಲಿ ಸರಿ ಉಂಟು, ಆದ್ರೂ ದೋಷ ಹೋಗ್ಲಿಲ್ಲ ಅಂತಾದ್ರೆ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೊಟ್ಟು ವರ್ಕರ್ ಯಾವಾಗಿಂದ ಓಡ್ತಾ ಉಂಟು ನೋಡಿ. ಪಿಎಚ್‌ಪಿಯ ಲಾರಾವೆಲ್ ಚೌಕಟ್ಟಿನವರಿಗೂ ಇದೇ, ಕ್ಯೂ ರೀಸ್ಟಾರ್ಟ್ ಕೊಡ್ಬೇಕು.

ಜಾಬ್ ಅರ್ಧದಲ್ಲೇ ಮಾಯ ಆಗ್ತಾ ಉಂಟಾದ್ರೆ ಕರ್ನಲಿನ ಲಾಗು ತೋರಿಸುವ ಡಿಮೆಸೇಜ್ ನೋಡಿ, 'ಔಟ್ ಆಫ್ ಮೆಮೊರಿ' ಅಂತ ಉಂಟಾ ಅಂತ. 1 ಜಿಬಿ ಸರ್ವರಲ್ಲಿ ಪಿಡಿಎಫ್ ಮಾಡುವಾಗ ಕರ್ನಲ್ ಬಂದು ವರ್ಕರಿನ ಕುತ್ತಿಗೆ ಹಿಸುಕುದು ಮಾಮೂಲಿ. ಸರಿಯಾಗಿ ನಿಲ್ಸಿದ್ರೆ ಸೈಡ್‌ಕಿಕ್ 25 ಸೆಕೆಂಡ್ ಕಾದು ಮುಗಿಯದ್ದನ್ನು ಕ್ಯೂಗೆ ವಾಪಸ್ ಹಾಕ್ತದೆ, ಹೀಗೆ ಹಿಸುಕಿದ್ರೆ ಫ್ರೀ ವರ್ಷನಲ್ಲಿ ಕೈಯಲ್ಲಿದ್ದ ಚೀಟಿ ಹೋಯ್ತು ಅಂತಲೇ.

ಎರಡೆರಡು ಸಲ ಹೋಗುದು ಇದರ ಉಲ್ಟಾ. ಎಸ್ಸೆಮ್ಮೆಸ್ ಹೋಗಿರ್ತದೆ, ಗೇಟ್‌ವೇ ಉತ್ತರ ಬರುವಾಗ ಟೈಮೌಟ್, ಜಾಬ್ ಫೇಲ್ ಅಂತ ರಿಟ್ರೈ, ಇನ್ನೊಂದು ಎಸ್ಸೆಮ್ಮೆಸ್. ಲಾರಾವೆಲಲ್ಲಿ ರಿಟ್ರೈ ಆಫ್ಟರ್ ಡಿಫಾಲ್ಟು 90 ಸೆಕೆಂಡ್, ಅದಕ್ಕಿಂತ ಉದ್ದದ ಜಾಬ್ ಮುಗಿಯುವ ಮೊದ್ಲೇ ಇನ್ನೊಬ್ಬ ವರ್ಕರ್ ಅದನ್ನೇ ತೆಗೊಳ್ತಾನೆ. ನಾನು ಖರೀದಿ ಟೇಬಲಲ್ಲಿ ಬಿಲ್ ಕಳಿಸಿದ ಸಮಯ ಅಂತ ಒಂದು ಕಾಲಮ್ ಹಾಕಿ, ಜಾಬ್ ಶುರುವಿಗೆ ಅದು ಖಾಲಿ ಉಂಟಾ ನೋಡಿ ಇಲ್ಲದಿದ್ರೆ ವಾಪಸ್ ಬರುವ ಹಾಗೆ ಮಾಡಿದೆ. ನೂರಕ್ಕೆ ನೂರು ಅಲ್ಲ, ಕಳಿಸಿ ಕಾಲಮ್ ತುಂಬುವ ಮೊದ್ಲು ಸತ್ರೆ ಪುನಃ ಹೋಗ್ತದೆ, ಆದ್ರೆ ಎರಡು ಬಿಲ್ ಬಂದ್ರೆ ಬೈಯ್ಯುದು ಒಬ್ಬ, ಬರದಿದ್ರೆ ಬೈಯ್ಯುದು ಹತ್ತು ಜನ.

ಆ ಕಾಲಮ್ಮಿಂದ ಕಳೆದು ಹೋದವನ್ನು ಹುಡುಕ್ಲಿಕ್ಕೂ ಸುಲಭ ಆಯ್ತು. ಮಂಗಳವಾರ ಸಂಜೆ ಗೇಟ್‌ವೇಯವರಿಂದ ಹಳೇ ರಿಪೋರ್ಟ್ ತರಿಸಿ ಹೋದವಕ್ಕೆಲ್ಲ ಸಮಯ ತುಂಬಿಸಿ, ಖಾಲಿ ಉಳಿದವನ್ನು ಕನ್ಸೋಲಿಂದ ಹತ್ತತ್ತರ ಹಾಗೆ ಪುನಃ ಕ್ಯೂಗೆ ಹಾಕಿದೆ. ಅರ್ಧ ಗಂಟೇಲಿ ಸೆಕ್ರೆಟರಿಯಣ್ಣನ ಫೋನು, "ಬಿಲ್ ಬಂತಂತೆ, ಆದ್ರೆ ಎಲ್ಲದಕ್ಕೂ ಇವತ್ತಿನ ತಾರೀಕು ಯಾಕೆ?" ಜಾಬಲ್ಲಿ ಡೇಟ್ ಟುಡೇ ಅಂತ ಬರೆದಿದ್ದೆ, ಅದೇ ದಿನ ಓಡ್ತಾ ಇದ್ದಷ್ಟು ಸಮಯ ಗೊತ್ತಾಗ್ಲಿಲ್ಲ. ತಾರೀಕನ್ನು ಖರೀದಿ ರೆಕಾರ್ಡಿಂದ ತೆಗೊಳ್ಳುವ ಹಾಗೆ ಬದಲಿಸಿ, ಆ ಬಿಲ್ಲುಗಳ ಕಾಲಮ್ ಖಾಲಿ ಮಾಡಿ, ವರ್ಕರ್ ರೀಸ್ಟಾರ್ಟ್ ಮಾಡಿ, ಈ ಸಲ ಮರೀಲಿಲ್ಲ, ಪುನಃ ಕಳಿಸಿದೆ.